ಕಿನ್ಸ್‌ಮೆನ್

ಕಿನ್ಸ್‌ಮೆನ್ ಎಂಬುದು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರು ಕದ್ರಿ ಗೋಪಾಲನಾಥ್ ಅವರೊಡನೆ ನುಡಿಸಿದ ಆಲ್ಬಮ್. ಪೈ ರೆಕಾರ್ಡಿಂಗ್ಸ್ ಸಂಸ್ಥೆಯು ಇದನ್ನು 2008ರಲ್ಲಿ ಬಿಡುಗಡೆ ಮಾಡಿತು. ಶೀರ್ಷಿಕೆಗೆ ‘ಬಂಧುಗಳು’ ಎಂದರ್ಥ. ಇಬ್ಬರಿಗೂ ರಕ್ತಸಂಬಂಧವಿಲ್ಲ, ವಾದ್ಯ ಮಾತ್ರ ಒಂದೇ: ಆಲ್ಟೊ ಸ್ಯಾಕ್ಸೋಫೋನ್.

ಹಿನ್ನೆಲೆ

ಗೋಪಾಲನಾಥರು ದಕ್ಷಿಣ ಕನ್ನಡದ ನಾಗಸ್ವರ ವಾದಕರೊಬ್ಬರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಕರ್ನಾಟಕ ಮೂಲದ ಕುಟುಂಬದ ಮಹಾಂತಪ್ಪ 1971ರಲ್ಲಿ ಇಟಲಿಯಲ್ಲಿ ಜನಿಸಿ, ಅಮೆರಿಕದ ಕೊಲೊರಾಡೊದಲ್ಲಿ ಬೆಳೆದರು. ವಿದ್ಯಾರ್ಥಿ ದೆಸೆಯಲ್ಲಿ ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಆಲ್ಬಮ್ಮೇ ಅವರನ್ನು ಈ ಸಂಗೀತದತ್ತ ಸೆಳೆಯಿತು. ಮುಂದೆ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ನೆರವಿನಿಂದ ಇಬ್ಬರೂ ‘ದಕ್ಷಿಣ ಎನ್‌ಸೆಂಬಲ್’ ತಂಡದಲ್ಲಿ ಜೊತೆಗೂಡಿದರು.

ಸಂಗೀತ

ಸ್ಯಾಕ್ಸೋಫೋನಿನ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸುತ್ತವೆ. ಗಮಕವಾದರೋ ಸ್ವರದಿಂದ ಸ್ವರಕ್ಕೆ ಜಾರುವುದನ್ನು ಬೇಡುತ್ತದೆ. ಗೋಪಾಲನಾಥರು ತುಟಿ, ಉಸಿರು ಮತ್ತು ವಾದ್ಯದ ಮಾರ್ಪಾಡುಗಳಿಂದ ಇದನ್ನು ಸಾಧಿಸಿದ್ದರು. ಮಹಾಂತಪ್ಪ ಆ ಶೈಲಿಯನ್ನು ಅನುಕರಿಸಲು ಹೋಗದೆ ಜಾಝ್ ನುಡಿಯಲ್ಲೇ ಉತ್ತರಿಸುತ್ತಾರೆ. ಆದ್ದರಿಂದ ಒಂದೇ ವಾದ್ಯವಾದರೂ ಕೇಳುಗರು ಇಬ್ಬರನ್ನೂ ಸುಲಭವಾಗಿ ಗುರುತಿಸಬಹುದು. ಹಿನ್ನೆಲೆಯಲ್ಲಿ ಮೆಲ್ಲಗೆ ಹರಿಯುವ ‘ಸ್ಮೂತ್ ಜಾಝ್’ ಇದಲ್ಲ. ಲಯದ ಲೆಕ್ಕಾಚಾರ ಬಿಗಿಯಾಗಿದೆ.

ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರ್ ಶ್ರೀಜಿ, ಗಿಟಾರಿನಲ್ಲಿ ರೆಜ್ ಅಬ್ಬಾಸಿ, ಬಾಸ್‌ನಲ್ಲಿ ಕಾರ್ಲೊ ಡಿ ರೋಸಾ ಹಾಗೂ ಡ್ರಮ್ಸ್‌ನಲ್ಲಿ ರಾಯಲ್ ಹಾರ್ಟಿಗನ್ ಸಹಕರಿಸಿದ್ದಾರೆ. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.