ಕಲ್ಲಿನ ರಥದ ಶಿಖರ

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೀವು ನೋಡಿರಬಹುದು. ಈಗ ಅದರ ನೆತ್ತಿ ಬೋಳು. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಮಾತ್ರ ಅದರ ಮೇಲೆ ಇಟ್ಟಿಗೆಯ ಶಿಖರವಿದೆ.

ಆಗ ಫಿಲ್ಮ್ ಎಲ್ಲಿತ್ತು? ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕು. ನಡೆದಾಡುವವರು ಮೂಡುವುದೇ ಇಲ್ಲ; ನೀಲಿ ಆಕಾಶ ಬರೀ ಬಿಳುಪಾಗುತ್ತದೆ. ಉಳಿದ ಬಂಡೆ, ಗೋಡೆ, ನೆರಳು ಇಷ್ಟರಿಂದಲೇ ಚೌಕಟ್ಟನ್ನು ತುಂಬಬೇಕು. ಆದ್ದರಿಂದ ಕ್ಯಾಮೆರಾ ಎಲ್ಲಿ ನಿಲ್ಲಿಸಬೇಕೆಂಬುದೇ ದೊಡ್ಡ ಲೆಕ್ಕಾಚಾರ.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಆ ಜಾಗಗಳನ್ನೇ ಹುಡುಕಿ ನಿಂತು, ಅದೇ ನೋಟಗಳನ್ನು ಮತ್ತೆ ತೆಗೆದರು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಪಕ್ಕ ಹಿಡಿದು ನೋಡುತ್ತಿದ್ದ ನನಗೆ ಈ ಕೆಲಸ ಬಹಳ ಹಿಡಿಸಿತು. ನೀವೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಿಂದಿನ ಗುಡ್ಡ ತಾಳೆಯಾಗುತ್ತದೆ, ರಥದ ಚಕ್ರವೂ ತಾಳೆಯಾಗುತ್ತದೆ. ಶಿಖರ ಮಾತ್ರ ಇಲ್ಲ.