ವ್ಯಾಯಾಮ, ಮೆದುಳಿನ ಆಮ್ಲಜನಕ ಮತ್ತು ಗ್ರಹಣಶಕ್ತಿ

ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2. ಆದರೆ ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಹೋಗುತ್ತದೆ. ಕೂಡಿಟ್ಟುಕೊಳ್ಳಲು ಮೆದುಳಿಗೆ ಕಣಜವಿಲ್ಲ. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ಮೈ ಗಟ್ಟಿಯಿದ್ದವರ ಮೆದುಳಿಗೆ ಈ ಪೂರೈಕೆ ಚೆನ್ನಾಗಿರುತ್ತದೆಯೇ, ಅದರಿಂದ ಬುದ್ಧಿ ಚುರುಕಾಗುತ್ತದೆಯೇ ಎಂಬುದು ಈ ವಿಷಯದ ತಿರುಳು.

ಕೊಪ್ಪಳ ಸೀಮೆಗೆ ವ್ಯಾಯಾಮ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಆನೆಗುಂದಿಯಿಂದ ಹೊಳೆ ದಾಟಿದರೆ ಸಿಗುವ ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಕೃಷ್ಣದೇವರಾಯನ ಬೆಳಗನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನ ರಾಯ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆಲ್ಲ ತಿಕ್ಕಿಸಿಕೊಳ್ಳುತ್ತಿದ್ದ. ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ಬೀಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ಸಾಮು ಮಾಡುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ಬೆಳಗಾಗುವವರೆಗೆ ಕುದುರೆ ಸವಾರಿ. ಸ್ನಾನ, ಪೂಜೆ ಮುಗಿದ ಮೇಲಷ್ಟೇ ರಾಜಕಾರ್ಯ. ಅದಕ್ಕೂ ನಾಲ್ಕು ಶತಮಾನ ಹಿಂದೆ, ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದಂಡನಾಯಕ 1112ರಲ್ಲಿ ಗುಡಿ ಕಟ್ಟಿಸಿದಾಗ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. ಅವನ ಮಗ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳಿಗೆ ಮೀಸಲಾದ 'ಮಲ್ಲವಿನೋದ' ಎಂಬ ಭಾಗವೇ ಇದೆ. ಗರಡಿಮನೆಗಳಲ್ಲಿ ಬಸ್ಕಿ, ದಂಡ, ಕಲ್ಲೆತ್ತುವ ಪಂದ್ಯ ಉಳಿದುಬಂದವು. ಆದರೆ ಅಲ್ಲಿನ ಮಾತೆಲ್ಲ ಬಲದ್ದು, ಬುದ್ಧಿಯದ್ದಲ್ಲ. ಪೈಲ್ವಾನನ ಬುದ್ಧಿ ಮೊಣಕಾಲಲ್ಲಿ ಎಂಬ ಕುಚೋದ್ಯ ಮರಾಠಿ ಗಡಿಯ ಆಚೀಚೆ ಇವತ್ತಿಗೂ ಕೇಳಿಬರುತ್ತದೆ.

ಬುದ್ಧಿಗೂ ರಕ್ತಕ್ಕೂ ಇರುವ ನಂಟು ಕಣ್ಣಿಗೆ ಬಿದ್ದದ್ದು ಇಟಲಿಯಲ್ಲಿ. ಟ್ಯೂರಿನ್‌ನ ಆಂಜೆಲೋ ಮೊಸ್ಸೋ, ತಲೆಬುರುಡೆಯಲ್ಲಿ ಗಾಯದ ತೂತಿದ್ದ ಬೆರ್ಟಿನೋ ಎಂಬ ರೈತನ ಮೆದುಳಿನ ಮಿಡಿತ ದಾಖಲಿಸುತ್ತಿದ್ದ. ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿದಾಗ ಮಿಡಿತ ಹಿಗ್ಗಿತು, ಮಗ್ಗಿ ಕೇಳಿದಾಗಲೂ ಹಿಗ್ಗಿತು. ಕೆಲಸ ಹೆಚ್ಚಾದ ಕಡೆಗೆ ಮೆದುಳೇ ರಕ್ತ ಕರೆಸಿಕೊಳ್ಳುತ್ತದೆ ಎಂದು ರಾಯ್ ಮತ್ತು ಶೆರಿಂಗ್ಟನ್ 1890ರಲ್ಲಿ ಬರೆದರು. ಮನುಷ್ಯನ ಮೆದುಳಿನ ರಕ್ತಪ್ರವಾಹವನ್ನು ಅಳೆಯುವ ವಿಧಾನವನ್ನು ಕೆಟಿ ಮತ್ತು ಷ್ಮಿಟ್ 1940ರ ದಶಕದಲ್ಲಿ ಕಂಡುಕೊಂಡರು. 1977ರಲ್ಲಿ ಫ್ರಾನ್ಸ್ ಯೋಬ್ಸಿಸ್, ಕೆಂಪಿನಾಚೆಯ ಬೆಳಕು ಬುರುಡೆ ದಾಟುತ್ತದೆ, ಒಳಗಿನ ಆಮ್ಲಜನಕವನ್ನು ಹೊರಗಿನಿಂದಲೇ ಅರಿಯಬಹುದು ಎಂದು ತೋರಿಸಿದ.

ವ್ಯಾಯಾಮ ಮಾಡುವ ವೃದ್ಧರ ಪ್ರತಿಕ್ರಿಯೆ ಚುರುಕು ಎಂದು 1975ರಲ್ಲಿ ಸ್ಪಿರ್ಡುಸೊ ವರದಿ ಮಾಡಿದರು. 1999ರಲ್ಲಿ ಕ್ರೇಮರ್ ತಂಡ 60ರಿಂದ 75 ವಯಸ್ಸಿನ 124 ಮಂದಿಯಲ್ಲಿ ಒಂದು ಗುಂಪನ್ನು ಆರು ತಿಂಗಳು ನಡೆಸಿತು, ಇನ್ನೊಂದಕ್ಕೆ ಮೈ ಚಾಚುವ ಕಸರತ್ತು ಕೊಟ್ಟಿತು. ಯೋಜಿಸಿ ನಿಭಾಯಿಸಬೇಕಾದ ಕೆಲಸಗಳಲ್ಲಿ ನಡೆದವರು ಮುಂದಿದ್ದರು. 2011ರಲ್ಲಿ ಎರಿಕ್ಸನ್ ತಂಡ, ಒಂದು ವರ್ಷ ನಡೆದವರ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಸುಮಾರು ಶೇ. 2 ಹಿಗ್ಗಿತೆಂದಿತು. ಇದನ್ನೇ ಮುಂದಿಟ್ಟು ಪ್ರಚಾರ ಮಾಡುವವರು 2015ರ ಅಮೆರಿಕದ ಪರೀಕ್ಷೆಯ ಮಾತೆತ್ತುವುದಿಲ್ಲ: 1,600ಕ್ಕೂ ಹೆಚ್ಚು ವೃದ್ಧರು, ಎರಡು ವರ್ಷದ ವ್ಯಾಯಾಮ, ಒಟ್ಟಾರೆ ಗ್ರಹಣಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಹೆಚ್ಚು ಉಸಿರಾಡಿದಷ್ಟೂ ಮೆದುಳಿಗೆ ಹೆಚ್ಚು ಆಮ್ಲಜನಕ ಎಂಬುದು ತಪ್ಪು ತಿಳಿವಳಿಕೆ. ಆನೆಗುಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲೇ ಇದಕ್ಕೆ ಸಾಕ್ಷಿ. ಹದವಾಗಿ ಹತ್ತುವವನ ಮೆದುಳಿಗೆ ರಕ್ತ ಸ್ವಲ್ಪ ಹೆಚ್ಚು ಹರಿಯುತ್ತದೆ. ಪಂದ್ಯ ಕಟ್ಟಿ ಓಡುವ ಹುಡುಗ ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ನಾಳಗಳು ಕುಗ್ಗುತ್ತವೆ. ಕೊನೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲಿಟ್ಟರೆ ಅಚ್ಚರಿಯಿಲ್ಲ. ಪಳಗಿದ ಮೈಯಲ್ಲಿ ಈ ಕುಸಿತ ತಡವಾಗಿ ಬರುತ್ತದೆ. ದಿನವೂ ಮಾಡುವ ವ್ಯಾಯಾಮದ ಲಾಭ ನಾಳಗಳ ಬಳುಕಿನಲ್ಲಿ, ನರಕೋಶಗಳನ್ನು ಪೋಷಿಸುವ ಪ್ರೋಟೀನುಗಳಲ್ಲಿ ಇರುತ್ತದೆ.

ಪೂರೈಕೆಯ ಇನ್ನೊಂದು ಕೊಂಡಿ ರಕ್ತವೇ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 12 ಗ್ರಾಂ ಇರುವ ಹುಡುಗಿಯ ನೂರು ಮಿಲಿಲೀಟರ್ ರಕ್ತದಲ್ಲಿ 16 ಮಿಲಿಲೀಟರ್ ಆಮ್ಲಜನಕವಿದ್ದರೆ, 8 ಗ್ರಾಂ ಇರುವವಳಲ್ಲಿ ಸುಮಾರು 11 ಮಾತ್ರ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಬ್ಬರಿಗೂ 98 ಎಂದೇ ತೋರಿಸೀತು. ಆದ್ದರಿಂದ ಕುಷ್ಟಗಿ, ಯಲಬುರ್ಗಾದಂಥ ಒಣಬೇಸಾಯದ ತಾಲ್ಲೂಕುಗಳಲ್ಲಿ ಮೈಯ ತಾಕತ್ತಿನ ಮಾತು ಕಬ್ಬಿಣದ ಅಂಶವನ್ನು ಬಿಟ್ಟು ಆಗದು. ಶಾಲೆಗಳಲ್ಲಿ ವಾರಕ್ಕೊಮ್ಮೆ ಊಟವಾದ ಮೇಲೆ ಕೊಡುವ ನೀಲಿ ಗುಳಿಗೆ ಇದಕ್ಕೇ. 2021ರ ಡಿಸೆಂಬರಿನಿಂದ ಕೊಪ್ಪಳವೂ ಸೇರಿದಂತೆ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬಂತು.

ರಾಜ್ಯದಲ್ಲಿ ಸಂಶೋಧನೆಯ ಎಳೆ ಬೆಂಗಳೂರಿನದು. ನಿಮ್ಹಾನ್ಸ್ ತಂಡ 2013ರಲ್ಲಿ ಯೋಗದಿಂದ ವೃದ್ಧರ ಹಿಪೊಕ್ಯಾಂಪಸ್ ಹಿಗ್ಗಿದ್ದನ್ನು ವರದಿ ಮಾಡಿತು. ಪಾಲ್ಗೊಂಡವರು ಬೆರಳೆಣಿಕೆಯಷ್ಟು, ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮೆದುಳಿನ ಆರೋಗ್ಯವನ್ನು ವರ್ಷಗಳುದ್ದಕ್ಕೂ ಗಮನಿಸುತ್ತಿದೆ.

ಮಕ್ಕಳ ಬಗ್ಗೆ ಹೆಚ್ಚು ಉಲ್ಲೇಖವಾಗುವುದು ಅಮೆರಿಕದ ಹಿಲ್‌ಮನ್ ತಂಡದ 2009ರ ಪ್ರಯೋಗ: 20 ಮಕ್ಕಳು, 20 ನಿಮಿಷ ಟ್ರೆಡ್‌ಮಿಲ್ ನಡಿಗೆ, ಆಮೇಲೆ ಓದು ಮತ್ತು ಗಮನದ ಪರೀಕ್ಷೆ. ಸುಮ್ಮನೆ ಕೂತಿದ್ದು ಬರೆದ ದಿನಕ್ಕಿಂತ ನಡೆದ ದಿನ ಅವೇ ಮಕ್ಕಳು ಚೆನ್ನಾಗಿ ಮಾಡಿದರು. ನಮ್ಮಲ್ಲಿ ಹತ್ತನೆಯ ತರಗತಿ ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಗಣಿತಕ್ಕೆ ಬಿಟ್ಟುಕೊಡುವುದು ಆಟದ ಪೀರಿಯಡ್ಡನ್ನೇ.