ಹುತ್ರಿದುರ್ಗದ ಮಡಕೆ ನೀರು ಮತ್ತು ನಮ್ಮನೆ ಫ್ರಿಜ್‌ನ ಗ್ಯಾಸ್

ಕಳೆದ ಏಪ್ರಿಲ್‌ನಲ್ಲಿ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹತ್ತಿ ಇಳಿಯುವಷ್ಟರಲ್ಲಿ ಗಂಟಲು ಒಣಗಿತ್ತು. ಬೆಟ್ಟದ ಬುಡದ ಮನೆಯೊಂದರಲ್ಲಿ ಮಡಕೆ ನೀರು ಕೊಟ್ಟರು. ಎಷ್ಟು ತಣ್ಣಗಿತ್ತು ಅಂತೀರಾ! ಮಡಕೆಯ ಮೈಯಿಂದ ನೀರು ಒಸರಿ ಆವಿಯಾಗುತ್ತೆ, ಹೋಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತೆ. ಕೆಂಪೇಗೌಡರ ಕಾಲದಲ್ಲಿ ಈ ಕೋಟೆ ಕಾಯ್ತಿದ್ದವರಿಗೂ ತಂಪು ಅಂದ್ರೆ ಇದೇ ಇದ್ದಿರಬೇಕು.

ಫ್ರಿಜ್ ಮಾಡೋದೂ ಇದೇ ಕೆಲಸ. ನೀರಿನ ಬದಲು ಬೇರೊಂದು ಗ್ಯಾಸ್, ಆವಿಯಾದದ್ದನ್ನು ಮತ್ತೆ ದ್ರವ ಮಾಡೋಕೆ ಕಂಪ್ರೆಸರ್. ಆ ಗ್ಯಾಸ್ ಯಾವುದು ಅನ್ನೋದೇ ನೂರು ವರ್ಷದ ಕಥೆ.

ಮೊದಮೊದಲು ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಬಳಸ್ತಿದ್ರು. ಸೋರಿದರೆ ಮನೆಯವರ ಜೀವಕ್ಕೇ ಅಪಾಯ. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ತಂಡ ವಿಷವಲ್ಲದ, ಬೆಂಕಿ ಹತ್ತದ ಸಿಎಫ್‌ಸಿಯನ್ನು ಮುಂದಿಟ್ಟಿತು. ಎಲ್ಲರೂ ನಿರಾಳ. ಆದರೆ ಅದು ಓಝೋನ್ ಪದರವನ್ನು ತಿನ್ನುತ್ತೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು, 1992ರಲ್ಲಿ ಭಾರತವೂ ಸೇರಿತು. ಸಿಎಫ್‌ಸಿ ಜಾಗಕ್ಕೆ ಕೊನೆಗೆ ಬಂದ ಎಚ್‌ಎಫ್‌ಸಿ ಓಝೋನ್‌ಗೆ ಕೈ ಹಾಕಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತೆ.

ಎಷ್ಟು? ನಾನು ಕಾಮರ್ಸ್ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ನಮ್ಮನೆ ಹಳೇ ಫ್ರಿಜ್ ರಿಪೇರಿಗೆ ಬಂದವರು ಪೈಪ್ ಕತ್ತರಿಸಿ, ಗ್ಯಾಸನ್ನು ಉಸ್ ಅಂತ ಗಾಳಿಗೆ ಬಿಟ್ಟರು. ಹಿಂದಿನ ಚೀಟಿಯಲ್ಲಿ ಆರ್-134ಎ, 100 ಗ್ರಾಂ ಅಂತ ಇತ್ತು. ನೂರು ವರ್ಷದ ಲೆಕ್ಕದಲ್ಲಿ ಅದು ಸುಮಾರು 143 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಹೊಸ ಗ್ಯಾಸ್‌ನ ಬೆಲೆ ಬಿಲ್ಲಿನಲ್ಲಿತ್ತು, ಗಾಳಿಗೆ ಹೋದದ್ದು ಯಾರ ಖಾತೆಗೂ ಬರಲಿಲ್ಲ.

ಆ ಖಾತೆ ತೆರೆಯೋ ಪ್ರಯತ್ನವೇ 2016ರ ಕಿಗಾಲಿ ತಿದ್ದುಪಡಿ. ಭಾರತ 2021ರಲ್ಲಿ ಒಪ್ಪಿತು. 2028ರಲ್ಲಿ ಎಚ್‌ಎಫ್‌ಸಿ ಬಳಕೆಗೆ ಮಿತಿ, 2032ರಿಂದ ಹಂತ ಹಂತವಾಗಿ ಇಳಿಕೆ, 2047ಕ್ಕೆ 85% ಕಡಿತ.

ಬದಲಿ ಏನು ಗೊತ್ತಾ? ಫ್ರಿಜ್‌ಗೆ ಐಸೊಬ್ಯೂಟೇನ್, ಎಸಿಗೆ ಪ್ರೊಪೇನ್. ಅಡುಗೆ ಗ್ಯಾಸ್‌ನ ಬಳಗದವೇ! ಬಿಸಿ ಮಾಡೋ ಶಕ್ತಿ ತೀರಾ ಕಡಿಮೆ. ಗೋದ್ರೆಜ್ 2012ರಲ್ಲೇ ಪ್ರೊಪೇನ್ ಎಸಿ ತಂದಿತ್ತು. ಆದರೆ ಇವು ಬೆಂಕಿ ಹಿಡಿಯುವ ಗ್ಯಾಸ್‌ಗಳು. ಹಾಗಾಗಿ ಈ ಬದಲಾವಣೆ ನಿಂತಿರೋದು ಒಪ್ಪಂದದ ಮೇಲಷ್ಟೇ ಅಲ್ಲ, ಕುಣಿಗಲ್, ಗುಬ್ಬಿಯಂಥ ಊರುಗಳ ಮೆಕ್ಯಾನಿಕ್‌ಗೆ ಸರಿಯಾದ ತರಬೇತಿ, ಹಳೇ ಗ್ಯಾಸ್ ಹಿಡಿದಿಡೋ ಯಂತ್ರ ಸಿಗುತ್ತಾ ಅನ್ನೋದರ ಮೇಲೆ.

ಇವತ್ತು ನಿಮ್ಮ ಫ್ರಿಜ್ ಹಿಂದಿನ ಚೀಟಿ ಓದಿ. ರಿಪೇರಿಯವರು ಬಂದಾಗ ಒಂದೇ ಪ್ರಶ್ನೆ ಕೇಳಿ: ಹಳೇ ಗ್ಯಾಸ್ ಎಲ್ಲಿಗೆ ಹೋಗುತ್ತೆ? ಮುಂದಿನ ಸಂಚಿಕೆಯಲ್ಲಿ ಸಿಗೋಣ.